ಮನವಿಯ ಮೇಲಿದ್ದ ನೀಲಮ್ಮನ ಸಹಿ

ಸುನೀತಾ, ಆ ಸಹಿ ನೀಲಮ್ಮನದಲ್ಲ. ಹಾಕಿದವನು ನಾನು. ನಿಮ್ಮಿಬ್ಬರ ಮನೆ ಒಡೆದವನು ನಾನು — ಅವಳ ಒಡಹುಟ್ಟಿದ ಅಣ್ಣ, ಸೇಡಂನ ಶಿವಶರಣಪ್ಪ ಮಾಸ್ತರ.

ಇಷ್ಟು ಬರೆಯಲು ನನಗೆ ಎರಡು ವರ್ಷ ಬೇಕಾಯಿತು. ಮೂವತ್ತು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವನು ನಾನು. ನಗು ಬಂದರೆ ನಕ್ಕುಬಿಡು.

ಚಿಂಚೋಳಿಯಲ್ಲಿ ನೀವಿಬ್ಬರೂ ಹದಿನೆಂಟು ವರ್ಷ ಒಂದೇ ಮನೆಯಲ್ಲಿ ಬಾಳಿದಿರಿ. ಅವಳು ಐನಾಪುರದ ನರ್ಸ್ ಕೆಲಸ ಮುಗಿಸಿ ಬರುವಷ್ಟರಲ್ಲಿ ನಿನ್ನ ಹೊಲಿಗೆ ಕ್ಲಾಸು ಮುಗಿದು, ರೊಟ್ಟಿ ಬಡಿದಾಗಿರುತ್ತಿತ್ತು. ನಿಮ್ಮ ನಡುವೆ ಏನಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರುವುದೇ ನನ್ನ ದೊಡ್ಡತನ ಎಂದುಕೊಂಡಿದ್ದೆ. ಕೇಳಿದವರಿಗೆಲ್ಲ, ಗೆಳತಿಯರು, ಅಕ್ಕ ತಂಗಿಯರ ಹಾಗೆ ಇದ್ದಾರೆ ಎನ್ನುತ್ತಿದ್ದೆ.

ಆಮೇಲೆ ಅವಳ ಆಪರೇಷನ್ ಬಂತು. ಕಲಬುರಗಿಯ ಆಸ್ಪತ್ರೆಯಲ್ಲಿ ಒಪ್ಪಿಗೆ ಕಾಗದಕ್ಕೆ ನೀನು ಪೆನ್ನು ಹಿಡಿದಾಗ, ನೀವು ಇವರಿಗೆ ಏನಾಗಬೇಕು ಎಂದು ಕೇಳಿದರಂತೆ. ನೀನು ಪೆನ್ನು ಕೆಳಗಿಟ್ಟೆಯಂತೆ. ನಾನು ಸೇಡಂನಿಂದ ಬಂದು ಮುಟ್ಟುವ ತನಕ ಅವಳು ನೋವು ತಿನ್ನುತ್ತ ಮಲಗಿದ್ದಳು. ಎರಡು ದಿನ ಕಳೆದ ಮೇಲೆ, ನೀನು ಚಹಾ ತರಲು ಹೋದಾಗ, ನನ್ನ ಕೈ ಹಿಡಿದು ಹೇಳಿದಳು —

“ಆಕಿ ಸಹಿ ನಡ್ಯಂಗಿಲ್ಲ ಅಂದ್ರಣ್ಣಾ. ದಿಲ್ಲ್ಯಾಗ ಲಗ್ನದ ಕೇಸ್ ನಡದದ. ಅದು ಗೆದ್ರ ಆಕಿ ಸಹಿನೂ ನಡೀತದ.”

ಹದಿನೆಂಟು ವರ್ಷದಲ್ಲಿ ಅವಳು ನನ್ನೆದುರು ಬಾಯಿಬಿಟ್ಟು ಹೇಳಿದ್ದು ಅಷ್ಟೇ. ನಾನು ಹೊದಿಕೆ ಸರಿಮಾಡಿ, ಮಲಗವ್ವ ಎಂದೆ. ಮುಂದೆ ನಾನು ಮಾಡಿದ್ದು ಎಲ್ಲವೂ ಗೊತ್ತಿದ್ದು ಮಾಡಿದ ತಪ್ಪು — ಅದನ್ನು ನೀನು ತಿಳಿಯಬೇಕು.

ತಿಂಗಳೊಪ್ಪತ್ತಿನಲ್ಲಿ ಸೇಡಂನ ಕಲ್ಯಾಣ ಮಂಟಪದಲ್ಲಿ ನಮ್ಮ ಸಮಾಜದವರು ಸೇರಿದರು. ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು ಎಂಬ ಮದುವೆಗೆ ಕಾನೂನು ಒಪ್ಪಬಾರದು ಎಂದು ದೆಹಲಿಗೆ ಮನವಿ ಕಳಿಸಬೇಕಿತ್ತು. ಅಕ್ಷರ ಚಂದ, ಭಾಷೆ ಚಂದ ಎಂದು ಬರೆಯುವ ಕೆಲಸ ನನಗೇ ಬಂತು. ಹಿಗ್ಗಿ ಹೋದೆ. ಕಾನೂನು ಧರ್ಮದ ಮಾತು ಕೇಳಬೇಕು ಎಂದು ಬರೆದು, ಎರಡು ಸಲ ಓದಿ ಹೇಳಿದೆ.

ನನ್ನ ಹಳೆಯ ವಿದ್ಯಾರ್ಥಿನಿ, ಈಗ ವಕೀಲೆ, ಹಿಂದಿನ ಸಾಲಿನಿಂದ ಎದ್ದಳು. ಧರ್ಮ ಒಪ್ಪಿದವರು ಪಾಲಿಸಲಿ ಸರ್, ಕಾನೂನು ಅದನ್ನು ಒಪ್ಪದವರಿಗೂ ಬೇಕಲ್ಲ ಎಂದಳು. ಶರಣರ ಮುಂದೆ ಎಲ್ಲರೂ ಸಮಾನರು ಎಂದು ಕಲಿಸಿದವರು ನೀವೇ ಎಂದೂ ಅಂದಳು. ಅದು ಬೇರೆ, ಇದು ಬೇರೆ ಎಂದು ಗದರಿಸಿ ಕೂರಿಸಿದೆ. ಹೇಗೆ ಬೇರೆ — ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಸಹಿ ಶುರುವಾಯಿತು. ನಮ್ಮಲ್ಲಿ ಮನೆಯ ಹೆಣ್ಣುಮಕ್ಕಳ ಸಹಿಯನ್ನೂ ಹಿರಿಯನೇ ಹಾಕಿಬಿಡುವುದು ರೂಢಿ. ಅವರನ್ನು ಯಾರೂ ಕೇಳುವುದಿಲ್ಲ. ಹೆಂಡತಿಯದು, ಸೊಸೆಯದು ಗೀಚಿ ಪೆನ್ನು ಮುಚ್ಚುವಾಗ ಪಕ್ಕದ ಹಿರಿಯರೊಬ್ಬರು ಮೆಲ್ಲಗೆ ಅಂದರು —

“ತಂಗಿದೂ ಹಾಕ್ರಿ ಮಾಸ್ತರ್. ಇಲ್ಲಂದ್ರ ಮಂದಿ ಏನರೆ ತಿಳ್ಕೊಂತಾರ.”

ಇಡೀ ಮಂಟಪ ನನ್ನ ಕೈಯನ್ನೇ ನೋಡುತ್ತಿದೆ ಅನಿಸಿತು. ಹೆದರಿದೆ. ಉಳಿದವರದನ್ನು ನನ್ನ ಅಕ್ಷರದಲ್ಲೇ ಹಾಕಿದ್ದೆ, ರೂಢಿ ಎನ್ನಬಹುದು. ಅವಳದನ್ನು ಮಾತ್ರ ಅವಳ ಅಕ್ಷರದಲ್ಲೇ ಹಾಕಿದೆ. ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ, ಕೈಗೆ ಸೀಮೆಸುಣ್ಣ ಕೊಟ್ಟು, ಅವಳಿಗೆ ಅಕ್ಷರ ಕಲಿಸಿದವನು ನಾನೇ. ಅವಳು ಎಲ್ಲಿ ಬಾಗಿಸುತ್ತಾಳೆ, ಎಲ್ಲಿ ಎಳೆಯುತ್ತಾಳೆ ನನಗೆ ಗೊತ್ತು.

ಹಾಳೆಯ ಫೋಟೋ ಫೋನಿನಿಂದ ಫೋನಿಗೆ ಹರಿದು ನಿನ್ನ ತನಕ ಬಂತು. ಆಸ್ಪತ್ರೆಯಲ್ಲಿ ಅಷ್ಟೆಲ್ಲ ಆದ ಮೇಲೂ ಇವಳು ಮಂದಿಗೆ ಹೆದರಿ ಸಹಿ ಹಾಕಿದಳಲ್ಲ ಎಂದು ನೀನು ವಾಡಿಯ ನಿನ್ನ ಅಕ್ಕನ ಮನೆಗೆ ಹೊರಟುಹೋದೆ. ಮರುದಿನವೇ ನೀಲಮ್ಮ ನನ್ನ ಮನೆಗೆ ಬಂದು ಫೋನು ಎದುರಿಗಿಟ್ಟಳು.

“ಇದು ನೀ ಹಾಕಿದ್ದೇನಣ್ಣಾ? ನಾ ಹಾಕಿಲ್ಲಂದ್ರ ಆಕಿ ನಂಬಂಗಿಲ್ಲ. ಹೌದಂದ್ರ ಆಕಿಗ ಒಂದು ಫೋನ್ ಮಾಡು. ಸಾಕು.”

ಒಂದು ಫೋನು. ನಾನೇನು ಹೇಳಿದೆ ಗೊತ್ತೇ —

“ನನಗೇನ್ ಗೊತ್ತವ್ವ. ನೀನೇ ಎಲ್ಲ್ಯರೆ ಹಾಕಿ ಮರ್ತಿರ್ಬೇಕು.”

ಪೂಜೆಯಿಂದ ಆಗಷ್ಟೇ ಎದ್ದಿದ್ದೆ. ಹಣೆಯ ವಿಭೂತಿ ಇನ್ನೂ ಹಸಿ ಇತ್ತು. ಅವಳು ನನ್ನ ಮುಖವನ್ನೇ ನೋಡಿದಳು, ಚಹಾ ಅರ್ಧಕ್ಕೆ ಬಿಟ್ಟು ಬಸ್ಸಿಗೆ ಹೋದಳು.

ಮದುವೆಯ ಹಕ್ಕು ಕೊಡುವುದು ನಮ್ಮ ಕೆಲಸವಲ್ಲ, ಶಾಸನ ಮಾಡುವವರದು ಎಂದು ಕೋರ್ಟು ಹೇಳಿದ ದಿನ ಮಂಟಪದಲ್ಲಿ ಪೇಡೆ ಹಂಚಿದರು. ನಾನು ಎರಡು ತಿಂದೆ. ಇದನ್ನೂ ಬರೆಯಬೇಕು ಅನಿಸಿತು.

ಈಗ ಅವಳಿಗೆ ಕಾಯಿಲೆ ಮರಳಿದೆ. ಸೋಮವಾರ ಮತ್ತೆ ಆಪರೇಷನ್, ಅದೇ ಆಸ್ಪತ್ರೆ. ಹೋದ ವಾರ ಚಿಂಚೋಳಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು. ಮುಚ್ಚಿಟ್ಟ ನಿನ್ನ ಹೊಲಿಗೆ ಮಷೀನಿನ ಕಡೆ ನೋಡುತ್ತ ಅಂದಳು —

“ನನಗ ಅವತ್ತೇ ಗೊತ್ತಿತ್ತು. ನೀ ಹೇಳ್ತಿ ಅಂತ ಕಾದೆ. ಈಗ ನನಗ್ಯಾಕ ಹೇಳ್ತಿ, ಆಕಿಗ ಹೇಳು.”

ಅದಕ್ಕೇ ಈ ಪತ್ರ. ನನ್ನ ತಂಗಿ ನಿನಗೆ ದ್ರೋಹ ಮಾಡಲಿಲ್ಲ, ಸುನೀತಾ. ಒಂದು ದಿನವೂ ಮಾಡಲಿಲ್ಲ. ಇದೇ ಮಾತನ್ನು ಮಂಟಪದ ಹಿರಿಯರಿಗೂ ಬರೆದು ಕಳಿಸಿದ್ದೇನೆ. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಸೋಮವಾರ ಒಪ್ಪಿಗೆ ಕಾಗದಕ್ಕೆ ನನ್ನನ್ನೇ ಕರೆದಿದ್ದಾರೆ. ನಿನ್ನ ಸಹಿ ಅಲ್ಲಿ ಈಗಲೂ ನಡೆಯುವುದಿಲ್ಲ — ನಡೆಯಬಾರದು ಎಂದು ಚಂದದ ಅಕ್ಷರದಲ್ಲಿ ಬರೆದುಕೊಟ್ಟವನು ನಾನೇ. ಬೆಳಿಗ್ಗೆ ಎಂಟಕ್ಕೆ ಅವಳನ್ನು ಒಳಗೆ ಕರೆದೊಯ್ಯುತ್ತಾರೆ. ನೀನು ಬಂದರೆ ಅವಳ ಹಾಸಿಗೆಯ ಹತ್ತಿರ ನೀನಿರು. ನಾನು ಸಹಿ ಹಾಕಿ ಹೊರಗೆ ಹೋಗುತ್ತೇನೆ.