ನಮ್ಮವರ ಗಾಡಿಯ ಗುಟ್ಟು

ನನ್ನ ಗಂಡ ಲಾರಿ ಡ್ರೈವರ್ ಆಗಿದ್ದರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವರು ನನ್ನನ್ನು ಯಾರ ಮುಂದಾದರೂ ಹೊಗಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಆದರೆ ತಮ್ಮ ಲಾರಿಯನ್ನು ಹೊಗಳದೆ ಒಂದು ದಿನವೂ ಉಂಡವರಲ್ಲ. ನಾನು ಈ ಮನೆಗೆ ಬಂದ ವರ್ಷವೇ ಆ ಲಾರಿಯೂ ಅವರ ಕೈಗೆ ಬಂದಿತ್ತು. ಮುಂಜಾನೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ಒಂದು ಚಿಟಿಕೆಯನ್ನು ಕಾಗದದಲ್ಲಿ ಕಟ್ಟಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಅದು ಲಾರಿಯ ಹಣೆಗೆ. ಸವತಿ ಇಲ್ಲದ ಮನೆ ಎಂದು ನೋಡಿ ನನ್ನ ಅಪ್ಪ ಕೊಟ್ಟಿದ್ದ, ಪಾಪ.

ನಮ್ಮ ಮನೆ ನವಲಗುಂದದಿಂದ ಹುಬ್ಬಳ್ಳಿಗೆ ಹೋಗುವ ರಸ್ತೆಯ ಮೇಲೇ ಇತ್ತು. ಮನೆ ದಾಟಿ ಸ್ವಲ್ಪ ಮುಂದೆ ಹೋದರೆ ಒಂದು ಹುಣಸೆ ಮರ. ಅಲ್ಲಿಂದ ರಸ್ತೆ ಇಳಿಯುತ್ತ ಹೋಗಿ ಹಳ್ಳದ ಇಕ್ಕಟ್ಟಾದ ಸೇತುವೆಯನ್ನು ಮುಟ್ಟುತ್ತಿತ್ತು. ನಮ್ಮವರು ಮೊದಲನೆಯ ಬಸ್ಸಿಗೆ ನವಲಗುಂದಕ್ಕೆ ಹೋಗಿ, ಲಾರಿಗೆ ಹತ್ತಿಯ ಅಂಡಿಗೆ ಹೇರಿಸಿಕೊಂಡು, ಹೊತ್ತೇರುವಾಗ ನಮ್ಮ ಮನೆಯ ಮುಂದೆ ಬರುತ್ತಿದ್ದರು. ಅವರ ಲಾರಿಯ ಹಾರ್ನು ನೆಗಡಿಯಾದ ಎಮ್ಮೆಯಂತೆ ಕೂಗುತ್ತಿತ್ತು. ಕೂಗು ಕೇಳಿದ್ದೇ ನಾನು ರೊಟ್ಟಿಯ ಗಂಟು ಹಿಡಿದುಕೊಂಡು ರಸ್ತೆಗೆ ಓಡಬೇಕು, ಕ್ಯಾಬಿನ್ನಿನ ಕಿಟಕಿಗೆ ಗಂಟು ಎತ್ತಿಕೊಡಬೇಕು, ಆ ದಿನದ ಬೈಗುಳವನ್ನೂ ಅದರ ಜೊತೆಗೇ ಕೊಡಬೇಕು. ಅವರು ಮನೆಯಲ್ಲಿರುವ ಹೊತ್ತು ಕಡಿಮೆ ನೋಡಿ, ಬೈಯಲು ನನಗೆ ಬೇರೆ ಸಮಯವೇ ಸಿಗುತ್ತಿರಲಿಲ್ಲ.

ಸಂಜೆ ಉಣ್ಣಲು ಕುಳಿತರೆ ಮತ್ತೆ ಲಾರಿಯದೇ ಪುರಾಣ. ಎರಡನೆಯ ಗೇರು ಜಾರುತ್ತದೆ, ಅದಕ್ಕೆ ಎಡಮೊಣಕಾಲು ಒತ್ತಿ ಹಿಡಿಯಬೇಕು. ಬ್ರೇಕು ಮೊದಲ ಸಲ ತುಳಿದರೆ ಹಿಡಿಯುವುದಿಲ್ಲ, ತುಳಿದು ಬಿಟ್ಟು ಮತ್ತೆ ತುಳಿದರೆ ಮಾತ್ರ ಹಿಡಿಯುತ್ತದೆ. ಎಷ್ಟು ಮಿಸ್ತ್ರಿಗಳು ಬಿಚ್ಚಿ ಕಟ್ಟಿದರೂ ಅದು ತನ್ನ ಚಾಳಿ ಬಿಟ್ಟಿರಲಿಲ್ಲ. ಸ್ಟೇರಿಂಗು ಒಂದು ದಿನವೂ ಮುಟ್ಟದ ನಾನು ಕಣ್ಣು ಮುಚ್ಚಿಕೊಂಡು ಆ ಲಾರಿಯನ್ನು ಹುಬ್ಬಳ್ಳಿಗೆ ಒಯ್ಯಬಲ್ಲೆ ಎಂಬಷ್ಟು ಜಂಬ ನನಗೆ ಬಂದುಬಿಟ್ಟಿತ್ತು.

ಕಂಪನಿಯಲ್ಲಿ ಒಟ್ಟು ಐದು ಲಾರಿಗಳು. ನವಲಗುಂದದ ಸಾವ್ಕಾರರು ಅದರ ಮಾಲಕರು. ಅವರ ಹತ್ತಿರ ಒಬ್ಬ ಡ್ರೈವರಿಗೆ ಒಂದೇ ಲಾರಿ, ಲಾರಿ ಸಾಯುವ ತನಕ ಅಥವಾ ಡ್ರೈವರು ಸಾಯುವ ತನಕ. ಸಾವ್ಕಾರರಿಗೆ ವಯಸ್ಸಾಯಿತು, ಮಕ್ಕಳಿಗೆ ಗ್ರೀಸಿನ ವಾಸನೆ ಆಗಿಬರಲಿಲ್ಲ. ಒಂದು ಬೇಸಗೆಯಲ್ಲಿ ಐದೂ ಲಾರಿಗಳನ್ನು ಹುಬ್ಬಳ್ಳಿಯವರೊಬ್ಬರಿಗೆ ಮಾರಿ ಕೈ ತೊಳೆದುಕೊಂಡರು.

ಹೊಸ ಮಾಲಕರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು! ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಅವರು ವಾರಕ್ಕೊಂದು ರಜೆ ಕೊಟ್ಟರು, ಖಾಕಿ ಅಂಗಿ ಹೊಲಿಸಿಕೊಟ್ಟರು, ಡ್ರೈವರುಗಳಿಗೆಲ್ಲ ಬಹುವಚನ ಹಚ್ಚಿ ಮಾತಾಡಿಸಿದರು. ಹಳೆಯ ಸಾವ್ಕಾರರ ಬಾಯಲ್ಲಿ ‘ಲೇ ಮಗನ’ ಕೇಳಿ ಬೆಳೆದ ನಮ್ಮವರಿಗೆ ಆ ‘ರೀ’ ಕೇಳಿದರೆ ಮೈಮೇಲೆ ಚೇಳು ಹರಿದ ಹಾಗಾಗುತ್ತಿತ್ತಂತೆ. ಆಮೇಲೆ ಐದೂ ಲಾರಿಗಳಿಗೆ ಒಂದೇ ಹಸಿರು ಬಣ್ಣ ಬಳಿಸಿದರು. ನಮ್ಮವರ ಲಾರಿಯ ಹಣೆಯ ಮೇಲೆ ಹನ್ನೊಂದು ವರ್ಷ ಮೆತ್ತಿದ್ದ ವಿಭೂತಿ ಆ ಹಸಿರಿನ ಅಡಿ ಮುಚ್ಚಿಹೋಯಿತು. ಅದನ್ನೂ ಅವರು ಹೇಗೋ ನುಂಗಿಕೊಂಡರು. ನುಂಗಲಾಗದ್ದು ಮುಂದಿನದು.

ಒಬ್ಬ ರಜೆ ಹಾಕಿದರೆ ಅವನ ಲಾರಿಯೂ ರಜೆ ಹಾಕುತ್ತದೆ, ಇದು ಸರಿಯಲ್ಲ, ಯಾವ ಲಾರಿಯನ್ನಾದರೂ ಯಾರು ಬೇಕಾದರೂ ಓಡಿಸುವಂತಿರಬೇಕು ಎಂದು ಹೊಸ ಮಾಲಕರು ಎಲ್ಲರ ಲಾರಿಗಳನ್ನೂ ಅದಲುಬದಲು ಮಾಡಿಬಿಟ್ಟರು. ನಮ್ಮವರ ಲಾರಿ ಕುಬಿಹಾಳದ ಕಡೆಯ ಒಬ್ಬ ತರುಣನ ಪಾಲಾಯಿತು. ಹಳೆಯ ಡ್ರೈವರುಗಳಲ್ಲಿ ಒಬ್ಬರು ಕೆಲಸ ಬಿಟ್ಟಿದ್ದರು, ಅವರ ಜಾಗಕ್ಕೆ ಹೊಸದಾಗಿ ಬಂದವನು ಇವನು. ನಮ್ಮವರಿಗೆ ಸಿಕ್ಕಿದ್ದು ಮೆತ್ತಗಿನ ಸೀಟಿನ, ಗೇರು ಜಾರದ, ಅಗದಿ ಸುಲಭದ ಲಾರಿ. ಅದನ್ನು ಓಡಿಸಿಕೊಂಡು ಬಂದ ಸಂಜೆ ಅವರ ಮುಖ ನೋಡಬೇಕಿತ್ತು. ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದವರ ಹಾಗೆ ಕಟ್ಟೆಯ ಮೇಲೆ ಕುಳಿತಿದ್ದರು.

ಹಳೆಯ ನಾಲ್ವರು ಡ್ರೈವರುಗಳು ನವಲಗುಂದದ ಚಹಾದಂಗಡಿಯಲ್ಲಿ ಸಭೆ ಸೇರಿದರು. ಮುಷ್ಕರ ಗಿಷ್ಕರ ಅವರ ಜಾಯಮಾನಕ್ಕೆ ಒಗ್ಗುವಂಥದ್ದಲ್ಲ. ಹೊರಗೆ ನಿಂತಿದ್ದ ಲಾರಿಯ ಸ್ಟೇರಿಂಗು ಮುಟ್ಟಿ ನಾಲ್ವರೂ ಆಣೆ ಮಾಡಿದರು: ಯಾರೂ ತಮ್ಮ ಹಳೆಯ ಲಾರಿಯ ಗುಟ್ಟನ್ನು ಇನ್ನೊಬ್ಬರಿಗೆ ಹೇಳಬಾರದು. ಲಾರಿಗಳು ಒಂದೊಂದಾಗಿ ಮುಷ್ಕರ ಹೂಡಲಿ, ಆಗ ಮಾಲಕರಿಗೆ ಬುದ್ಧಿ ಬರುತ್ತದೆ.

“ನೋಡ್ತಿರು, ಹದಿನೈದ ದಿನದಾಗ ಮಾಲಕ ತಾನಾಗೇ ನಮ್ಮ ಬಾಗಲಿಗೆ ಬರ್ತಾನ,” ಎಂದರು ನಮ್ಮವರು. “ನಿನ್ನ ಗಾಡಿ ನೀನ ತಗೋಪಾ ಅಂತಾನ.”

ನನಗೂ ಅದು ಬೇಕಿತ್ತು. ಸುಳ್ಳು ಯಾಕೆ ಹೇಳಲಿ? ಅವರು ಊಟದಲ್ಲಿ ಮಾತು ಬಿಟ್ಟಿದ್ದರು. ಹನ್ನೊಂದು ವರ್ಷ ಯಾವ ಪುರಾಣಕ್ಕೆ ನಾನು ಮೂಗು ಮುರಿದಿದ್ದೆನೋ ಅದಿಲ್ಲದೆ ನನಗೇ ರೊಟ್ಟಿ ಇಳಿಯುತ್ತಿರಲಿಲ್ಲ. ಹೇಗಾದರೂ ಆ ಹಾಳು ಲಾರಿ ಅವರಿಗೆ ವಾಪಸು ಬರಲಿ ಎಂದು ದೇವರಿಗೆ ದಿನಾ ಹೇಳಿಕೊಂಡೆ.

ಬದಲಾದ ಮೊದಲನೆಯ ದಿನವೇ ನಾನೊಂದು ಘನಕಾರ್ಯ ಮಾಡಿದ್ದೆ. ಎಮ್ಮೆಯ ಕೂಗು ಕೇಳಿತು, ಕಾಲು ತಾವಾಗಿ ಓಡಿದವು. ಗಂಟು ಎತ್ತಿಕೊಟ್ಟು, ಮುಖವನ್ನೂ ನೋಡದೆ, ನಿನ್ನೆಯ ಡಬ್ಬಿ ತೊಳೆಯದೆ ತಂದದ್ದಕ್ಕೆ, ನನ್ನ ತವರಿಗೆ ಕರೆದುಕೊಂಡು ಹೋಗುತ್ತೇನೆಂದು ಮೂರು ತಿಂಗಳಿಂದ ಆಡಿಸುತ್ತಿದ್ದುದಕ್ಕೆ ಬಾಯಿಗೆ ಬಂದ ಹಾಗೆ ಬೈದೆ. ಮೇಲಿನಿಂದ ಮೆಲ್ಲಗೆ ಒಂದು ದನಿ ಬಂತು: “ನಾ ಅವರಲ್ರೀ ಅಕ್ಕಾರ.” ತಲೆಯೆತ್ತಿ ನೋಡಿದರೆ ಕುಬಿಹಾಳದ ಹುಡುಗ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು. ಕೊಟ್ಟ ಗಂಟು ಕಸಿದುಕೊಳ್ಳಲಾಗದೆ ಉಣ್ಣಪ್ಪ ಎಂದೆ. ಕಾಲು ತಾಸು ಬಿಟ್ಟು ಬೇರೆ ಲಾರಿಯಲ್ಲಿ ಬಂದ ನಮ್ಮವರಿಗೆ ಗಾಡಿಯೂ ಇಲ್ಲ, ರೊಟ್ಟಿಯೂ ಇಲ್ಲ. ಮರುದಿನದಿಂದ ಎರಡು ಗಂಟು ಕಟ್ಟತೊಡಗಿದೆ, ಏನು ಮಾಡುವುದು?

ಆಣೆ ಚೆನ್ನಾಗಿಯೇ ಕೆಲಸ ಮಾಡಿತು. ಒಂದು ಲಾರಿ ಹುಬ್ಬಳ್ಳಿಯ ಸಂತೆಯ ನಡುವೆ ನಿಂತು ಮಧ್ಯಾಹ್ನದವರೆಗೆ ಜಪ್ಪಯ್ಯ ಎನ್ನಲಿಲ್ಲ. ಇನ್ನೊಂದು ಹಿಂದಕ್ಕೆ ಹೋಗುವ ಗೇರು ಬೀಳದೆ ಹತ್ತಿ ಬಿಡಿಸುವ ಜಿನ್ನಿನ ಗೋಡೆಗೆ ಮೂತಿ ಹಚ್ಚಿಕೊಂಡು ನಿಂತಿತು. ಅದರ ಗುಟ್ಟು ಬಲ್ಲವರು ಪಕ್ಕದಲ್ಲೇ ಅಡಿಕೆ ಅಗಿಯುತ್ತ ನಿಂತಿದ್ದರಂತೆ. ನಮ್ಮವರ ಮುಖದ ಮೇಲೆ ಸ್ವಲ್ಪ ಸ್ವಲ್ಪ ಕಳೆ ಬರತೊಡಗಿತು. ಒಂದು ದಿನ ನನ್ನ ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿದೆ ಎಂದುಬಿಟ್ಟರು. ನಾನು ಗಾಬರಿಯಾದೆ.

ಆಮೇಲಿನ ವಾರ ಒಂದು ದಿನ ಕುಬಿಹಾಳದವನು ಲಾರಿಯನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ ಕೆಳಗೇ ಇಳಿದುಬಂದ. ಬೆವರಿಗೆ ಅಂಗಿ ಮೈಗಂಟಿತ್ತು. ಬ್ರೇಕು ಮೊದಲಿನಿಂದಲೂ ಕಾಡುತ್ತಿತ್ತಂತೆ, ಹಿಂದಿನ ದಿನ ಇಳಿಜಾರಿನಲ್ಲಿ ತುಳಿದರೆ ಹಿಡಿಯಲೇ ಇಲ್ಲವಂತೆ. ಗಾಬರಿಯಲ್ಲಿ ಮತ್ತೆ ಮತ್ತೆ ಒದ್ದ ಹಾಗೆ ತುಳಿದದ್ದಕ್ಕೆ ಹೇಗೋ ಸೇತುವೆಯ ಕಟ್ಟೆಗೆ ಗೇಣು ದೂರದಲ್ಲಿ ನಿಂತಿತಂತೆ. ಮನೆಯಲ್ಲಿ ಬಾಣಂತಿ ಇದ್ದಾಳೆ, ಕೂಸಿಗೆ ಇನ್ನೂ ಹೆಸರು ಸಹ ಇಟ್ಟಿಲ್ಲ ಎಂದ.

“ಈ ಗಾಡಿದ ಏನರ ಐತೇನ್ರಿ ಅಕ್ಕಾರ? ಅಣ್ಣಾರನ್ನ ಕೇಳಿದ್ರ ಸುಮ್ನ ನಗ್ತಾರ.”

ಆ ನಗುವಿನ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಆಣೆ ಮಾಡಿದವರು ಅವರು, ನಾನಲ್ಲ. ಅಲ್ಲೇ ರಸ್ತೆಯ ಬದಿಗೆ ನಿಂತು ಮೊಣಕಾಲು ಎಲ್ಲಿ ಒತ್ತಬೇಕು, ಬ್ರೇಕು ಹೇಗೆ ತುಳಿದು ಬಿಟ್ಟು ತುಳಿಯಬೇಕು, ಎಲ್ಲವನ್ನೂ ಸೀರೆಯ ನಿರಿಗೆ ಎತ್ತಿ ಹಿಡಿದು ಕಾಲಿನಿಂದ ಮಾಡಿ ತೋರಿಸಿದೆ. ಅವನು ಕೈಮುಗಿದು ಹೋದ. ಹೀಗೆ ಹೇಳಿಕೊಟ್ಟರೆ ಗಾಡಿ ನಮ್ಮವರಿಗೆ ವಾಪಸು ಬರುವುದಿಲ್ಲ ಎಂದು ನನಗೆ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಿದ್ದೂ ಹೇಳಿದೆ.

ಮಾಲಕರು ನಿಜವಾಗಿಯೂ ನಮ್ಮ ಬಾಗಿಲಿಗೆ ಬಂದರು. ವಾರದ ರಜೆಯ ದಿನ ಸ್ಕೂಟರ್ ಬಂದು ನಿಂತದ್ದು ಕಂಡು ನಮ್ಮವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಚಹಾ ಇಟ್ಟೆ. ಮಾಲಕರು ಕಪ್ಪು ಬಸಿ ಹಿಡಿದುಕೊಂಡು ನಗುನಗುತ್ತ ಮಾತಿಗೆ ಶುರು ಮಾಡಿದರು.

“ಖರೇ ಹೇಳ್ತೀನ್ರಿ, ಹೋದ ವಾರ ನಿಮ್ಮ ಗಾಡಿ ನಿಮಗ ವಾಪಸ್ ಕೊಡೂಣು ಅಂತ ಮಾಡಿದ್ದೆ. ಅದು ಯಾರ ಮಾತೂ ಕೇಳೂದಿಲ್ಲ ಅಂತಿದ್ರು. ಈಗ ನೋಡ್ರಿ, ಹುಡುಗ ಹೂವಿನಂಗ ಓಡಸ್ತಾನ. ಅಕ್ಕಾರು ಎಲ್ಲಾ ಹೇಳಿಕೊಟ್ರಂತ. ಥ್ಯಾಂಕ್ಸ್ ಹೇಳಿ ಹೋಗೂಣು ಅಂತ ಬಂದೆ.”

ಅವರಿಗೇನು ಗೊತ್ತು, ಪುಣ್ಯಾತ್ಮರು. ನಮ್ಮವರು ಬಸಿಯನ್ನು ನೆಲಕ್ಕಿಟ್ಟರು. ಮಾಲಕರು ಹೋದ ಮೇಲೆ ಅವರು ಕೂಗಾಡುತ್ತಾರೆಂದು ಸೆರಗು ಸಿಕ್ಕಿಸಿಕೊಂಡು ನಿಂತೆ. ಅವರು ಕಪ್ಪು ಬಸಿ ಎತ್ತಿ ಒಳಗಿಟ್ಟು ಬಂದರು. ನಾನೇ ಜಗಳ ತೆಗೆದೆ. ಅವನಿಗೂ ಹೆಂಡತಿ ಇದ್ದಾಳೆ, ಹಳ್ಳಕ್ಕೆ ಬಿದ್ದಿದ್ದರೆ ನಿಮ್ಮ ಆಣೆ ಅವನನ್ನು ಎತ್ತುತ್ತಿತ್ತೇ ಎಂದೆ. ಅವರು ಗೋಡೆಯ ಕಡೆ ತಿರುಗಿ ಕುಳಿತರು. ವಾರವಿಡೀ ಬೇಕಾದ ನೀರು, ಉಪ್ಪು ಎಲ್ಲವನ್ನೂ ಗೋಡೆಗೆ ಹೇಳುತ್ತಿದ್ದರು, ನಾನು ಗೋಡೆಯ ಪರವಾಗಿ ತಂದುಕೊಡುತ್ತಿದ್ದೆ. ತಪ್ಪು ಮಾಡಿಲ್ಲ ಎಂದು ಗೊತ್ತಿದ್ದರೂ ದಿನಾ ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದೆ. ಅವರ ಕೈಗೆ ಬಂದಿದ್ದ ಗಾಡಿಯನ್ನು ನಾನೇ ತಪ್ಪಿಸಿದ್ದೆ.

ಮುಂದಿನ ರಜೆಯ ದಿನ ಮುಂಜಾನೆಯಿಂದಲೇ ಮುಂಗಾರಿನ ಮಿರಗದ ಮಳೆ ಹಿಡಿಯಿತು. ರಸ್ತೆಯ ಮೇಲೆ ಎರೆಮಣ್ಣು ಹರಿದು ಕರಿ ಬೆಣ್ಣೆ ಬಳಿದಂತಾಗಿತ್ತು. ನಮ್ಮವರು ಕಟ್ಟೆಯ ಮೇಲೆ ಕೂಡುತ್ತಿದ್ದರು, ಏಳುತ್ತಿದ್ದರು, ರಸ್ತೆ ನೋಡುತ್ತಿದ್ದರು. ಹಾರ್ನು ಕೇಳಿತು. ನಾನು ಗಂಟು ತೆಗೆದುಕೊಳ್ಳುವುದರೊಳಗೆ ಅವರು ತಲೆಗೆ ಗೋಣಿಚೀಲ ಹಾಕಿಕೊಂಡು ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತುಬಿಟ್ಟಿದ್ದರು. ಹೊಡೆದಾಡುತ್ತಾರೆ ಎಂದು ಹೆದರಿ ಹಿಂದೆಯೇ ಓಡಿದೆ. ಲಾರಿ ನಿಂತಿತು. ಅವರು ಮೆಟ್ಟಿಲ ಮೇಲೆ ಕಾಲಿಟ್ಟು ಬಾಗಿಲು ತೆಗೆದರು.

“ಆಕಿ ಹೇಳಿದ್ದು ಅರ್ಧಾ,” ಎಂದರು ಆ ಹುಡುಗನಿಗೆ. “ಮಳ್ಯಾಗ ಎರಡ ಸಲ ತುಳದ್ರ ಹಿಡಿಯಂಗಿಲ್ಲ. ಹುಣಸೀ ಗಿಡದಿಂದನ ಶುರು ಮಾಡಬೇಕು. ಆ ಕಡೆ ಜರಗು, ತೋರಸ್ತೀನಿ.”

ಅವನು ಜರುಗಿದ. ಹನ್ನೊಂದು ವರ್ಷ ಕುಳಿತ ಜಾಗದಲ್ಲಿ ನಮ್ಮವರು ಮತ್ತೆ ಕುಳಿತರು. ಲಾರಿ ಹುಣಸೆ ಮರದ ಹತ್ತಿರ ಒಮ್ಮೆ ಮುಗ್ಗರಿಸಿದಂತೆ ಮಾಡಿತು, ಇನ್ನೊಮ್ಮೆ, ಮತ್ತೊಮ್ಮೆ. ಹೀಗೆ ತಡೆತಡೆದು ಇಳಿದು ಸೇತುವೆಯನ್ನು ಬಸುರಿಯ ಹಾಗೆ ನಿಧಾನಕ್ಕೆ ದಾಟಿ ಆಚೆ ದಂಡೆಯಲ್ಲಿ ನಿಂತಿತು. ಅವರು ಇಳಿದರು. ಹುಡುಗ ಸ್ಟೇರಿಂಗಿಗೆ ಬಂದ. ಲಾರಿ ಹೊರಟುಹೋಯಿತು. ಅವರು ಅದನ್ನು ನೋಡುತ್ತ ನಿಲ್ಲದೆ ಮಳೆಯಲ್ಲಿ ತೊಯ್ಯುತ್ತ ನಡೆದು ಬಂದರು.

ಎಲ್ಲ ಗೊತ್ತಿದೆ ಎಂದು ಮೆರೆದು ಅವನಿಗೆ ಅರ್ಧ ಕಲಿಸಿದ್ದೆ. ಮಳೆಯ ಸಂಗತಿ ಹನ್ನೊಂದು ವರ್ಷದಲ್ಲಿ ನನಗೆ ಒಮ್ಮೆಯೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವಾಗಲೇ ಅಳು ಬಂತು. ಮೊದಲ ವರ್ಷದ ಮಳೆಗಾಲದಲ್ಲಿ, ನಾನು ತವರಿಗೆ ಹೋಗಿದ್ದಾಗ, ಲಾರಿಯ ಮುಂದಿನ ಗಾಲಿಯೊಂದು ಸೇತುವೆ ಬಿಟ್ಟು ಹೊರಗೆ ತೂಗಾಡಿತ್ತು, ಊರವರು ಹಗ್ಗ ಕಟ್ಟಿ ಎಳೆದಿದ್ದರು ಎಂದು ಆಗ ಹೇಳಿದರು. ನನಗೆ ಹೇಳಬಾರದೆಂದು ಊರವರ ಬಾಯಿ ಕಟ್ಟಿಸಿದ್ದರಂತೆ.

“ನಿನಗ ಹೇಳಿದ್ರ ಮಳಿಗಾಲದಾಗ ನಾ ತಿರುಗಿ ಬರೂತನಕಾ ನೀ ಉಣ್ತಿದ್ದಿಲ್ಲ,” ಎಂದರು, ವಾರದ ಮೇಲೆ ಮೊದಲ ಸಲ ನನ್ನ ಮುಖ ನೋಡಿ.

ಹನ್ನೊಂದು ಮಳೆಗಾಲ ನಾನು ಹೊಟ್ಟೆ ತುಂಬ ಉಂಡಿದ್ದೆ.