ಸೊಲ್ಗೋಲಿನ ಚಮಚದ ಚೀಲಗಳು

ಎಂಟು ಜನ ಮುದುಕಿಯರಿಗೆ ಸೇರಿ ಗಟ್ಟಿ ಮಂಡಿ ಅಂತ ಇದ್ದದ್ದು ಎರಡೇ, ಆ ಎರಡೂ ದೊಕ್ಸಾನಜ್ಜಿಯವು. ಗುಡ್ಡದ ಮೇಲಿನ ಸೊಲ್ಗೋಲ್‌ನಿಂದ ಕಣಿವೆಯ ಆರೆಮಾಲ್‌ಗೆ ಇಳಿಯಲು ಒಂದು ಗಂಟೆ, ಹತ್ತಲು ಎರಡು. ಬಸ್ಸು, ಅಂಗಡಿ, ಆರೋಗ್ಯ ಕೇಂದ್ರ ಎಲ್ಲವೂ ಆರೆಮಾಲ್‌ನಲ್ಲಿ. ಹಾಗಾಗಿ ಸೊಲ್ಗೋಲಿನವರಿಗೆ ಸೂಜಿ ಬೇಕಾದರೂ ದೊಕ್ಸಾನಜ್ಜಿಯೇ ಇಳಿಯಬೇಕು, ಒಣಮೀನು ಬೇಕಾದರೂ ಅವಳೇ ಇಳಿಯಬೇಕು. ದೊಕ್ಸಾನ್ ಅವಳ ತವರೂರು. ಗುಡ್ಡದ ಸೊಸೆಯಂದಿರೆಲ್ಲ ತವರಿನ ಹೆಸರು ಹೊತ್ತುಕೊಂಡೇ ಮುದುಕಿಯರಾದವರು. ಅಪ್ಪ ಅಮ್ಮ ಇಟ್ಟ ಹೆಸರು ಸರಕಾರದ ಕಾಗದದಲ್ಲಿ ಮಾತ್ರ ಉಳಿದಿತ್ತು.

ಪ್ಯೋ ಇಂಜಾ ನರ್ಸಾಗಿ ಆರೆಮಾಲ್‌ಗೆ ಬಂದದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ. ಮುಂದಿನ ಕೋಣೆಯಲ್ಲಿ ಔಷಧಿ, ಹಿಂದಿನ ಕೋಣೆಯಲ್ಲಿ ಸಂಸಾರ. ಸಂಸಾರ ಅಂದರೆ ಒಂದು ಹಾಸಿಗೆ, ಒಂದು ರೇಡಿಯೋ, ಅಷ್ಟೇ. ಮೊದಲ ದಿನ ಅವಳು ಚೀಟಿ ಹಿಡಿದು "ಕಾಂಗ್ ಮಾಲ್ನ್ಯೋ, ಕಾಂಗ್ ಮಾಲ್ನ್ಯೋ" ಎಂದು ಮೂರು ಸಲ ಕೂಗಿದಳು. ಬೆಂಚಿನ ಮೇಲೆ ಒಬ್ಬಳೇ ಕೂತಿದ್ದ ಅಜ್ಜಿ ಯಾರನ್ನು ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದಳು.

"ನೀವೇ ಅಲ್ವಾ ಅಜ್ಜಿ?"

"ಹಾಂ, ನಾನೇ ಇರಬೇಕು," ಎಂದಳು ಅಜ್ಜಿ. "ಆ ಹೆಸರು ಕೂಗಿ ಐವತ್ತು ವರ್ಷ ಆಯ್ತು. ದೊಕ್ಸಾನ್ ಅನ್ನು, ನಿದ್ದೇಲೂ ಎದ್ದು ಬರ್ತೀನಿ."

ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಬಿಪಿ ನೂರ ತೊಂಬತ್ತು. ಇಂಜಾ ಪಟ್ಟಿ ಬಿಚ್ಚಿ ಮತ್ತೊಮ್ಮೆ ಕಟ್ಟಿ ನೋಡಿದಳು, ಅಷ್ಟೇ. ಅಜ್ಜಿಗೆ ಅರವತ್ತಾರು ವರ್ಷ. ಅಜ್ಜಿಯ ಅಕ್ಕ ಇದೇ ಕಾಯಿಲೆಯಲ್ಲಿ ಒಂದು ಕೈ, ಒಂದು ಕಾಲಿನ ಸ್ವಾಧೀನ ಕಳೆದುಕೊಂಡು ನಾಲ್ಕು ವರ್ಷ ಮಲಗಿದ್ದವಳು. ಈ ಅಜ್ಜಿ ಬಿದ್ದರೆ ಒಬ್ಬಳೇ ಬೀಳುವುದಿಲ್ಲ, ಸೊಲ್ಗೋಲ್ ಪೂರ್ತಿ ಬೀಳುತ್ತದೆ ಎನ್ನುವುದು ಇಂಜಾಗೆ ಅರ್ಥವಾಗಲು ಇನ್ನೂ ಎಂಟು ತಿಂಗಳು ಬೇಕಿತ್ತು.

ತಿಂಗಳಿಗೊಮ್ಮೆ ಬರುವ ಡಾಕ್ಟರು ಮಾತ್ರೆ ಬರೆದುಕೊಟ್ಟರು, ದಿನಕ್ಕೊಂದು. ಅಜ್ಜಿ ಪೊಟ್ಟಣವನ್ನು ಲಂಗದ ಒಳಜೇಬಿಗೆ ಸೇರಿಸಿ ಗುಡ್ಡ ಹತ್ತಿದಳು. ಮುಂದಿನ ತಿಂಗಳು ನೋಡಿದರೆ ನೂರ ತೊಂಬತ್ತೆರಡು. ಅದರ ಮುಂದಿನ ತಿಂಗಳು ನೂರ ಎಂಬತ್ತೆಂಟು.

"ಮಾತ್ರೆ ತಗೊಂಡ್ರಾ ಅಜ್ಜಿ?"

"ತಗೊಂಡೆ."

"ದಿನಾ?"

"ಅದ್ಯಾಕೆ ಪೊಲೀಸರ ಥರ ಕೇಳ್ತೀಯ? ಖಾಲಿ ಆಗಿದೆ ನೋಡು ಪೊಟ್ಟಣ."

ಪೊಟ್ಟಣವೇನೋ ಖಾಲಿಯಾಗಿತ್ತು. ಇಂಜಾ ಉಪ್ಪಿನ ಮೇಲೆ ಸಿಟ್ಟು ತೀರಿಸಿಕೊಂಡಳು. ಉಪ್ಪು ಸುರಿದ ಕೋಸಿನ ಕಿಮ್ಚಿ ಕಡಿಮೆ ಮಾಡಿ, ಸೋಯಾ ಹುಳಿಹಿಟ್ಟಿನ ಸಾರು ತೆಳ್ಳಗೆ ಮಾಡಿ ಎಂದು ಭಾಷಣ ಬಿಗಿದಳು. ಒಂದು ಮಾತ್ರೆಯನ್ನು ಕಣ್ಣೆದುರೇ ನುಂಗಿಸಿ "ಬಾಯಿ ತೆಗೀರಿ" ಎಂದಳು. ಅಜ್ಜಿ ಬಾಯಿ ಅಗಲಿಸಿ ಅಳಿದುಳಿದ ಹಲ್ಲು ತೋರಿಸಿದಳು.

"ಮಾತ್ರೆ ಹುಡುಕ್ತೀಯೋ, ಹಲ್ಲು ಎಣಿಸ್ತೀಯೋ ನರ್ಸಮ್ಮ? ಎಣಿಸೋದಾದ್ರೆ ಬೇಗ ಎಣಿಸು, ಮುಂದಿನ ತಿಂಗಳಿಗೆ ಇಷ್ಟೂ ಇರಲ್ಲ."

ಅಕ್ಟೋಬರಿನಲ್ಲಿ ಡಾಕ್ಟರು ತಲೆ ಅಲ್ಲಾಡಿಸಿದರು. ದಿನಕ್ಕೆರಡು ಮಾತ್ರೆ ಮಾಡಿ, ವರ್ಷದ ಕೊನೆಯೊಳಗೆ ಇಳಿಯದಿದ್ದರೆ ಪಟ್ಟಣದ ಆಸ್ಪತ್ರೆಗೆ ಸೇರಿಸಲೇಬೇಕು ಎಂದರು. ಅಜ್ಜಿಯ ಮುಖ ಆಗ ಮೊದಲ ಸಲ ಸಣ್ಣಗಾಯಿತು. ಆದರೆ ಎರಡರಷ್ಟು ಮಾತ್ರೆಯ ಪೊಟ್ಟಣ ಕೈಗೆ ಬಂದಾಗ ಮತ್ತೆ ಅರಳಿತು. ಮದ್ದು ಹೆಚ್ಚಾದದ್ದಕ್ಕೆ ಇಷ್ಟು ಖುಷಿಪಡುವ ರೋಗಿಯನ್ನು ಇಂಜಾ ಎಲ್ಲೂ ಕಂಡಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

"ಮುಂದಿನ ತಿಂಗಳು ನಮ್ಮಲ್ಲಿ ಚಳಿಗಾಲದ ಕಿಮ್ಚಿ ಹಾಕ್ತೀವಿ," ಎಂದಳು ಅಜ್ಜಿ ಹೊರಡುವಾಗ. "ಬಾ, ಬೇಯಿಸಿದ ಹಂದಿಮಾಂಸಕ್ಕೆ ಹೊಸ ಕಿಮ್ಚಿ ಸುತ್ತಿಕೊಂಡು ತಿನ್ನು. ಗುಬ್ಬಿ ಥರ ಇದ್ದೀಯ."

ನವೆಂಬರಿನ ಕೊನೆಯ ವಾರ, ಸಂತೆಯ ಮಾರನೇ ದಿನ ಇಂಜಾ ಗುಡ್ಡ ಹತ್ತಿದಳು. ಬಂದು ಎಂಟು ತಿಂಗಳಾಗಿದ್ದರೂ ಸೊಲ್ಗೋಲ್ ನೋಡಿದ್ದು ಅದೇ ಮೊದಲು. ಅವಳ ವಹಿಯಲ್ಲಿ ಆ ಕೇರಿಯ ಎದುರು "ರೋಗಿ ಒಬ್ಬರು" ಎಂದಿತ್ತು. ಉಳಿದ ಏಳು ಮುದುಕಿಯರು ಒಂದು ದಿನವೂ ಕೇಂದ್ರದ ಮೆಟ್ಟಿಲು ಹತ್ತಿದವರಲ್ಲ. ಗುಡ್ಡದ ಗಾಳಿ ಕುಡಿದವರು, ಕಲ್ಲುಗುಂಡಿನ ಹಾಗಿದ್ದಾರೆ ಎಂದು ಅವಳು ಜಿಲ್ಲೆಗೆ ವರದಿ ಬರೆದಿದ್ದಳು, ಅದಕ್ಕೆ ಶಹಬ್ಬಾಸ್‌ಗಿರಿಯೂ ಬಂದಿತ್ತು.

ಆ ಕಲ್ಲುಗುಂಡುಗಳು ಊರ ಚಾವಡಿಯ ಅಂಗಳದಲ್ಲಿ ಉಪ್ಪು ಹಾಕಿದ ಎಲೆಕೋಸಿನ ರಾಶಿಯ ಸುತ್ತ ಕೂತಿದ್ದವು. ಒಬ್ಬಳಿಗೆ ಮಂಡಿ ಮಡಚಲು ಬರದು, ಒಬ್ಬಳು ಸೊಂಟ ಹಿಡಿದುಕೊಂಡೇ ಮೆಣಸಿನ ಮಸಾಲೆ ಕಲಸುತ್ತಿದ್ದಳು. ಬಾಯಿಗಳು ಮಾತ್ರ ಎಲ್ಲರವೂ ಗಟ್ಟಿ.

"ಇವಳೇನಾ ನಿನ್ನ ನರ್ಸಮ್ಮ?" ಎಂದಳು ಮಸಾಲೆ ಕಲಸುತ್ತಿದ್ದ ಸುದೊಂಗಜ್ಜಿ. "ಉಪ್ಪು ತಿನ್ನಬೇಡ ಅನ್ನೋಳು? ನೋಡಮ್ಮ, ಈ ಮುನ್ನೂರು ಕೋಸಿಗೆ ಉಪ್ಪಿಲ್ದೆ ಏನು ಹಾಕೋಣ, ನಿನ್ನ ಕಣ್ಣೀರಾ?"

ನಗು ಮುಗಿದಿರಲಿಲ್ಲ, ಮೂಲೆಯಲ್ಲಿ ಕೋಸು ತೊಳೆಯುತ್ತಿದ್ದ ಇಮ್ಗೇಯಜ್ಜಿ ಎದ್ದು ನಿಂತಳು, ಗೋಡೆ ಹುಡುಕುವವಳಂತೆ ಕೈ ಚಾಚಿದಳು, ಕೋಸಿನ ರಾಶಿಯ ಮೇಲೇ ಕುಸಿದಳು. ಮುಖ ಸುಣ್ಣದಷ್ಟು ಬಿಳಿ. ಇಂಜಾ ಓಡಿ ಹೋಗಿ ಅವಳ ಕಾಲುಗಳನ್ನು ಎತ್ತರಕ್ಕೆ ಇಟ್ಟು, ಚೀಲದಿಂದ ಪಟ್ಟಿ ತೆಗೆದು ಕಟ್ಟಿ ನೋಡಿದಳು. ಬಿಪಿ ಎಂಬತ್ತನಾಲ್ಕು.

"ಏನು ತಿಂದಿದ್ರು ಇವ್ರು ಬೆಳಗ್ಗೆ?"

"ಏನಿಲ್ಲಮ್ಮ, ಎಲ್ಲರೂ ತಿಂದದ್ದೇ," ಎಂದಳು ಸುದೊಂಗಜ್ಜಿ. "ಸಾರು, ಅನ್ನ. ಆಮೇಲೆ ಮಾತ್ರೆ."

"ಯಾವ ಮಾತ್ರೆ?"

ಏಳು ಮುದುಕಿಯರೂ ಕೋಸನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಕೊನೆಗೆ ದೊಕ್ಸಾನಜ್ಜಿ ಬಾಯಿಬಿಟ್ಟಳು. ಅವಳು ತಂದ ಮಾತ್ರೆ ಚಾವಡಿಯ ಬಟ್ಟಲಿಗೆ ಹೋಗುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ಅದನ್ನು ಎಲ್ಲರಿಗೂ ಅರ್ಧರ್ಧ ಹಂಚುತ್ತಿದ್ದರು. ಡಾಕ್ಟರು ಮಾತ್ರೆ ಎರಡು ಪಟ್ಟು ಮಾಡಿದ ಮೇಲೆ ಸುಭಿಕ್ಷ ಬಂದಂತಾಗಿ, ಒಬ್ಬೊಬ್ಬರಿಗೆ ಇಡೀ ಮಾತ್ರೆ ಸಿಗುತ್ತಿತ್ತು. ತಲೆಸುತ್ತಿಗೂ ಅದೇ, ಸೊಂಟನೋವಿಗೂ ಅದೇ.

ಇಂಜಾಗೆ ಕೋಪ ನೆತ್ತಿಗೇರಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು. ಇವ್ರಿಗೆ ಮೊದಲೇ ರಕ್ತದ ಒತ್ತಡ ಕಮ್ಮಿ, ಇನ್ನಷ್ಟು ಇಳಿಸೋ ಮಾತ್ರೆ ಕೊಟ್ಟಿದ್ದೀರಲ್ಲ. ಸತ್ತುಹೋಗಿದ್ರೆ? ನಿಮಗೆ ಬೇಕಾದ ಮದ್ದು ನೀವು ತಿಂದಿಲ್ಲ, ನನ್ನ ಹತ್ರ ಎಂಟು ತಿಂಗಳು ಸುಳ್ಳು ಹೇಳಿದ್ರಿ."

"ಸುಳ್ಳು ಹೇಳಿಲ್ಲ," ಎಂದಳು ದೊಕ್ಸಾನಜ್ಜಿ ಮೆಲ್ಲಗೆ. "ತಗೊಂಡೆ ಅಂದೆ, ತಗೊಂಡಿದ್ದೆ. ಒಂದು ಅವರೆಕಾಳು ಸಿಕ್ಕಿದ್ರೂ ಸೀಳಿ ಹಂಚಿ ತಿನ್ನು ಅಂತ ಹೇಳ್ಕೊಟ್ಟಿದ್ದಾರೆ ನಮಗೆ. ಏಳು ಜನ ಎದುರಿಗೆ ನರಳ್ತಾ ಕೂತಿರುವಾಗ ನಾನೊಬ್ಬಳೇ ನುಂಗಿದ್ರೆ ಗಂಟಲಲ್ಲಿ ಇಳಿಯತ್ತೇನಮ್ಮ? ಇವರ ಮಂಡಿ ನಿನ್ನ ಬಾಗಿಲ ತನಕ ಬರಲ್ಲ. ಬಂದದ್ದು ನಂದೊಂದೇ."

ಎಂಟು ತಿಂಗಳು ಕುರ್ಚಿಯಲ್ಲಿ ಕೂತು, ಬಂದವರೇ ರೋಗಿಗಳು, ಬಾರದವರು ಆರೋಗ್ಯವಂತರು ಎಂದು ಬರೆದವಳು ಇಂಜಾ. ಮಾತ್ರೆಯನ್ನು ಇವರು ಹಂಚಿಕೊಂಡದ್ದು ತಪ್ಪೇ, ಆದರೆ ಎಂಟು ಜನರಿಗೂ ಮದ್ದು ಮುಟ್ಟಬೇಕೆಂದು ಯೋಚಿಸಿದವರು ಇವರು ಮಾತ್ರ. ಅವಳಿಗೆ ನಾಚಿಕೆಯಾಯಿತು. ಎಲ್ಲರ ತೋಳಿಗೂ ಪಟ್ಟಿ ಕಟ್ಟಿ ನೋಡಿದಳು. ಐದು ಜನರಿಗೆ ಬಿಪಿ ಏರಿತ್ತು, ಇಬ್ಬರದು ಸರಿಯಿತ್ತು, ಇಮ್ಗೇಯಜ್ಜಿಯದು ಪಾತಾಳದಲ್ಲಿತ್ತು. ಉಪ್ಪಿನ ಶತ್ರುವಾದ ಅವಳೇ ಆ ಅಜ್ಜಿಗೆ ಒಂದು ಬಟ್ಟಲು ಉಪ್ಪುಪ್ಪಾದ ಸಾರು ಕುಡಿಸಬೇಕಾಯಿತು. ಸುದೊಂಗಜ್ಜಿ ಅದನ್ನು ಸಾಯುವತನಕ ಆಡಿಕೊಂಡಳು.

ಇಮ್ಗೇಯಜ್ಜಿಯ ಮುಖಕ್ಕೆ ಬಣ್ಣ ಬಂದ ಮೇಲೆ ಊಟಕ್ಕೆ ಕೂತರು. ಮಾತ್ರೆ ಬೇರೆ ಬೇರೆ ಪೊಟ್ಟಣದಲ್ಲಿ ಕೊಟ್ಟರೂ ಇವರು ಮತ್ತೆ ಬಟ್ಟಲಿಗೇ ಸುರಿಯುತ್ತಾರೆ ಎಂಬ ಚಿಂತೆ ಇಂಜಾಳದು. ಒಂದೇ ತಟ್ಟೆಯ ಮಾಂಸಕ್ಕೆ, ಒಂದೇ ಬೋಗುಣಿಯ ಕಿಮ್ಚಿಗೆ ಎಂಟು ಕೈಗಳು ಹೋಗಿಬರುತ್ತಿದ್ದವು. ಅಷ್ಟರಲ್ಲಿ ಸುದೊಂಗಜ್ಜಿ ಅವಸರದಲ್ಲಿ ಪಕ್ಕದ ಚಮಚ ಎತ್ತಿದಳು.

"ಇಡೇ ಕೆಳಗೆ, ಅದು ನನ್ನ ಚಮಚ," ಎಂದು ದೊಕ್ಸಾನಜ್ಜಿ ಕಸಿದುಕೊಂಡಳು.

"ಅಯ್ಯೋ, ನುಂಗಿಬಿಡ್ತೀನಾ ನಿನ್ನ ಚಮಚಾನ?"

ಗೋಡೆಯ ಮೇಲೆ ಎಂಟು ಮೊಳೆ, ಎಂಟು ಮೊಳೆಗೂ ಒಂದೊಂದು ಕಸೂತಿ ಚೀಲ. ಮದುವೆಯಲ್ಲಿ ತವರಿನಿಂದ ಹೊಲಿದು ತಂದ ಚಮಚದ ಚೀಲಗಳು ಅವು. ಇಂಜಾ ಊಟ ನಿಲ್ಲಿಸಿ ಅವನ್ನೇ ನೋಡಿದಳು.

"ಅಜ್ಜಿ, ಮಾಂಸ ಹಂಚ್ತೀರಿ, ಕಿಮ್ಚಿ ಹಂಚ್ತೀರಿ. ಚಮಚ ಯಾಕೆ ಹಂಚಲ್ಲ?"

"ಚಮಚ ಯಾರಾದ್ರೂ ಕೊಡ್ತಾರಾ? ಇದು ನನ್ನ ಜೀವದ ಜೊತೆ ಇರೋದು. ಯಾರಾದ್ರೂ ಸತ್ರೆ ಚಮಚ ಕೆಳಗಿಟ್ಟ ಅಂತೀವಲ್ಲ."

"ಹಾಗಾದ್ರೆ ಕೇಳಿ. ನೀವೆಲ್ಲ ಮಾತ್ರೆ ಪಲ್ಯ ಅಂದ್ಕೊಂಡಿದ್ದೀರಿ. ಮಾತ್ರೆ ಪಲ್ಯ ಅಲ್ಲ, ಚಮಚ. ನಿಮ್ಮದನ್ನ ಇನ್ನೊಬ್ರಿಗೆ ಕೊಟ್ರೆ ಯಾರಾದ್ರೊಬ್ರು ಚಮಚ ಕೆಳಗಿಡ್ತಾರೆ. ಇವತ್ತು ಇಮ್ಗೇಯಜ್ಜಿ ಇಡ್ತಾ ಇದ್ರು. ಹೀಗೇ ಆದ್ರೆ ನಾಳೆ ನೀವು ಇಡ್ತೀರಿ."

ದೊಕ್ಸಾನಜ್ಜಿ ತನ್ನ ಚಮಚವನ್ನು ಒರೆಸಿ, ಚೀಲದಲ್ಲಿಟ್ಟು, ಮೊಳೆಗೆ ತೂಗುಹಾಕಿದಳು.

"ನಂದು ನಾನು ನುಂಗ್ತೀನಿ," ಎಂದಳು ಕೊನೆಗೆ. "ಆದ್ರೆ ಇವರದು ಇವರಿಗೆ ಬರಬೇಕು. ಬರಲಿಲ್ಲ ಅಂದ್ರೆ ಬಟ್ಟಲು ಮತ್ತೆ ಹೊರಗೆ ತೆಗೀತೀನಿ, ಹೇಳಿರ್ತೀನಿ."

ಇದಕ್ಕೆ ಬೆದರಿಕೆ ಅನ್ನಿ, ಕರಾರು ಅನ್ನಿ, ಇಂಜಾ ಒಪ್ಪಿಕೊಂಡಳು. ಮುಂದಿನ ಭೇಟಿಗೆ ಬಂದ ಡಾಕ್ಟರನ್ನು ಎಳೆದುಕೊಂಡೇ ಗುಡ್ಡ ಹತ್ತಿಸಿ ಎಂಟೂ ಜನರನ್ನು ನೋಡಿಸಿದಳು. ಪಾಪ, ಆ ಮನುಷ್ಯ ನಡುದಾರಿಯಲ್ಲಿ ಮೂರು ಸಲ ಕೂತ. ಅಲ್ಲಿಂದ ಮುಂದೆ ಪ್ರತಿ ಸಂತೆಯ ಮಾರನೇ ದಿನ ಆರೆಮಾಲಿನ ಕೇಂದ್ರದ ಬಾಗಿಲಿಗೆ ಚೀಟಿ ಅಂಟಿಸಿ ಇಂಜಾ ಮೇಲೆ ಹೋಗುತ್ತಿದ್ದಳು. ಐದು ಚೀಲಗಳಲ್ಲಿ ಚಮಚದ ಪಕ್ಕ ಅವರವರ ಬಿಪಿ ಮಾತ್ರೆ ಕೂತಿತು. ಇನ್ನು ಮೂರರಲ್ಲಿ ಮಂಡಿಗೆ ಹಚ್ಚುವ ಮುಲಾಮು. ಬರೀ ಚಮಚ ಇಟ್ಟುಕೊಳ್ಳಲು ಯಾರೂ ಒಪ್ಪಲಿಲ್ಲ. ಇಮ್ಗೇಯಜ್ಜಿಯ ಪಾಲಿಗೆ ಅದರ ಮೇಲೊಂದು ಚಿಟಿಕೆ ಉಪ್ಪಿನ ಪರವಾನಗಿ ಬೇರೆ.

ವರ್ಷದ ಕೊನೆಗೆ ದೊಕ್ಸಾನಜ್ಜಿಯ ಬಿಪಿ ನೂರ ಅರವತ್ತಕ್ಕೆ ಇಳಿದು ಆಸ್ಪತ್ರೆಯ ಮಾತು ತಪ್ಪಿತು. ವಸಂತಕ್ಕೆ ನೂರ ನಲವತ್ತೆರಡು. ಅವತ್ತು ಇಂಜಾ ಇಳಿದು ಬರುವಾಗ ದಾರಿಯುದ್ದಕ್ಕೂ ಹಾಡು ಹೇಳಿಕೊಂಡು ಬಂದಳು ಎಂದು ಆರೆಮಾಲಿನವರು ಇವತ್ತಿಗೂ ಹೇಳುತ್ತಾರೆ. ಅವಳ ಕಂಠ ಅಷ್ಟೇನೂ ಚೆನ್ನಾಗಿಲ್ಲ.

ಇಪ್ಪತ್ತೆರಡು ವರ್ಷ ಹೀಗೆ ಹೋಯಿತು. ಗುಡ್ಡಕ್ಕೆ ರಸ್ತೆ ಬಂತು, ಇಂಜಾ ಸಣ್ಣ ಕಾರು ತೆಗೆದುಕೊಂಡಳು. ವರ್ಗಾವಣೆ ಎರಡು ಸಲ ಬಂತು, ಎರಡು ಸಲವೂ ಏನೋ ನೆಪ ಹೇಳಿ ಉಳಿದಳು. ಇಮ್ಗೇಯಜ್ಜಿ, ಸುದೊಂಗಜ್ಜಿ, ಇನ್ನಿಬ್ಬರು ತುಂಬು ವಯಸ್ಸಿನಲ್ಲಿ ಚಮಚ ಕೆಳಗಿಟ್ಟರು. ಗೋಡೆಯಲ್ಲಿ ನಾಲ್ಕು ಚೀಲ, ನಾಲ್ಕು ಬರೀ ಮೊಳೆ ಉಳಿದವು. ಎಂಬತ್ತೆಂಟರ ದೊಕ್ಸಾನಜ್ಜಿ ಮಾತ್ರ ಈಗಲೂ ತನ್ನ ಮೂಲಂಗಿ ತಾನೇ ಅಗೆಯುತ್ತಿದ್ದಳು.

ಒಂದು ಮಧ್ಯಾಹ್ನ ಇಂಜಾ ಎಲ್ಲರದೂ ನೋಡಿ ಮುಗಿಸಿ ಎದ್ದಾಗ ಅಜ್ಜಿ ಅವಳ ಕೋಟಿನ ತುದಿ ಹಿಡಿದು ಕೂರಿಸಿದಳು.

"ಮುಖ ಕೆಂಪಗಿದೆ. ತೋಳು ತಾ."

"ಬೇಡಿ ಅಜ್ಜಿ, ಬಿಸಿಲಿಗೆ ಹಾಗಾಗಿದೆ."

"ನವೆಂಬರಲ್ಲಿ ಯಾವ ಬಿಸಿಲೇ?"

ಈಗಿನ ಯಂತ್ರ ಗುಂಡಿ ಒತ್ತಿದರೆ ತಾನೇ ಲೆಕ್ಕ ತೋರಿಸುತ್ತದೆ. ನೂರ ಅರವತ್ತೆಂಟು. ಮೂರು ಮುದುಕಿಯರು ಬಗ್ಗಿ ನೋಡಿದರು. ಇಂಜಾ ಒಪ್ಪಿಕೊಳ್ಳಲೇಬೇಕಾಯಿತು. ವರ್ಷದಿಂದ ಅವಳೂ ಮಾತ್ರೆಯ ಮೇಲಿದ್ದಾಳೆ, ಕೆಲಸದ ಗಡಿಬಿಡಿಯಲ್ಲಿ ನಾಲ್ಕು ದಿನದಿಂದ ಮರೆತಿದ್ದಾಳೆ.

"ನಮ್ಮಿಬ್ಬರದ್ದೂ ಒಂದೇ ಮಾತ್ರೆ ಅಜ್ಜಿ," ಎಂದಳು, ತಪ್ಪು ಮುಚ್ಚುವ ಅವಸರದಲ್ಲಿ. "ಇವತ್ತಿಗೆ ನಿಮ್ಮದೊಂದು ಕೊಡಿ, ನಾಳೆ ತಂದುಕೊಡ್ತೀನಿ."

ದೊಕ್ಸಾನಜ್ಜಿ ಮೊಳೆಯಿಂದ ತನ್ನ ಚೀಲ ತೆಗೆದು ಎದೆಗವಚಿಕೊಂಡಳು.

"ಪಲ್ಯ ಅಂದ್ಕೊಂಡ್ಯಾ?"

ಇಂಜಾಗೆ ಮೊದಲು ನಗು ಬಂತು, ಆಮೇಲೆ ಕಣ್ಣು ತುಂಬಿತು.

"ನಿಂಗೆ ಕಾಲು ಗಟ್ಟಿ ಇದೆ, ಕಾರೂ ಇದೆ," ಎಂದಳು ಅಜ್ಜಿ. "ಹೋಗು, ನಿಂದು ನೀನು ತಗೊಂಡು ಬಾ. ನೀನು ಬಿದ್ರೆ ಎರಡು ಊರು ಬೀಳತ್ತೆ."

ಇಂಜಾ ಹೋಗಿ ಮಾತ್ರೆಯ ಜೊತೆ ವಾಪಸ್ ಬಂದಾಗ ಸುದೊಂಗಜ್ಜಿಯ ಬರೀ ಮೊಳೆಯಲ್ಲಿ ಒಂದು ಚೀಲ ತೂಗುತ್ತಿತ್ತು. ಕೆಂಪು ಬಟ್ಟೆ ಹಳೆಯದು, ಹೊಲಿಗೆ ಹೊಸದು, ಹೂವಿನ ಎಸಳುಗಳು ಒಂದೊಂದು ದಿಕ್ಕಿಗೆ. ಎಂಬತ್ತೆಂಟರ ಕಣ್ಣಿಗೆ ಅದು ಒಂದು ಗಂಟೆಯ ಕೆಲಸವಲ್ಲ, ಯಾವಾಗಲೋ ಹೊಲಿದು ಇಟ್ಟದ್ದು. ಒಳಗೆ ಒಂದು ಚಮಚವೂ ಇತ್ತು. ಇಂಜಾ ಮಾತ್ರೆಗಳನ್ನು ಅದರೊಳಗೆ ಹಾಕಿ, ಒಂದನ್ನು ತೆಗೆದು ನುಂಗಿದಳು.

"ಬಾಯಿ ತೆಗಿ," ಎಂದಳು ದೊಕ್ಸಾನಜ್ಜಿ.

ಅವಳು ಬಾಯಿ ತೆಗೆದು ತೋರಿಸಿದಳು.