ಮೂರು ಅಮಾವಾಸ್ಯೆಯ ಗಂಟು

ಧನಕವಡಿಯ ನಮ್ಮ ಬಿಲ್ಡಿಂಗ್‌ನಲ್ಲಿ ಎಲ್ಲರೂ ಹೇಳುವ ಕಥೆ ಇದು: ಹೋದ ವರ್ಷ ಪಲ್ಲವಿಯ ಕುತ್ತಿಗೆಯಲ್ಲಿ ಎದ್ದ ಗಂಟನ್ನು ಕೆಳಮನೆಯ ಗುರುಬಾಯಿ ಅಜ್ಜಿ ಸುಣ್ಣ-ಬೆಲ್ಲ ಹಚ್ಚಿ ಕರಗಿಸಿದರು. ಅಮಾವಾಸ್ಯೆಗೊಂದು ಪಟ್ಟು. ಮೂರನೇ ಅಮಾವಾಸ್ಯೆಗೆ ಗಂಟು ನಾಪತ್ತೆ.

ನನ್ನದು ಒಂದೇ ತಕರಾರು. ಕರಗಿಸಿದ್ದು ಸುಣ್ಣವೋ, ಕ್ಯಾಲೆಂಡರೋ?

ಪಲ್ಲವಿಗೆ ಎಂಟು ವರ್ಷ. ಗಂಟಲು ಕೆಟ್ಟು ಜ್ವರ ಬಂದಾಗ ದವಡೆಯ ಕೆಳಗೆ ಮೆತ್ತನೆಯ ಗಂಟು ಎದ್ದಿತ್ತು. ಮುಟ್ಟಿದರೆ ನೋವು, ಒತ್ತಿದರೆ ಬೆರಳಡಿ ಜಾರುತ್ತಿತ್ತು. ಮಕ್ಕಳಲ್ಲಿ ಇದು ಮಾಮೂಲು. ಸೋಂಕಿನ ಜೊತೆ ಕಾದಾಡುವ ಗ್ರಂಥಿಗಳು ಊದುತ್ತವೆ, ಕೆಲಸ ಮುಗಿದ ಮೇಲೆ ಕೆಲವು ವಾರಗಳಲ್ಲಿ ಇಳಿಯುತ್ತವೆ. ಅಜ್ಜಿಯ ಕೋರ್ಸ್ ಮುಗಿಯುವುದಕ್ಕೇ ಎರಡು ತಿಂಗಳು ಬೇಕು. ಅಷ್ಟು ಟೈಮ್ ಕೊಟ್ಟರೆ ಟೂತ್‌ಪೇಸ್ಟ್ ಹಚ್ಚಿದ್ದರೂ ಹೋಗುತ್ತಿತ್ತು. (ಸುಣ್ಣ ಸುಟ್ಟ ಕಲೆ ಮಾತ್ರ ಇನ್ನೂ ಹೋಗಿಲ್ಲ. ಕಥೆಯಲ್ಲಿ ಅದಕ್ಕೆ ಪಾತ್ರವಿಲ್ಲ.)

ಇಷ್ಟನ್ನೂ ಎರಡು ತಿಂಗಳ ಹಿಂದೆ ಒಂದು ಭಾನುವಾರ ಮೆಟ್ಟಿಲ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಗೆ ವಿವರಿಸಿದೆ. ಕಾಲೇಜಿನಲ್ಲಿ ಡಿಬೇಟ್ ಮಾಡಿದವಳು ನಾನು. ಪಾಯಿಂಟ್, ಉದಾಹರಣೆ, ತೀರ್ಮಾನ, ಎಲ್ಲವೂ ಕ್ರಮವಾಗಿ ಬಂದವು.

“ಹೋತಲ್ಲ ಮತ್ತ? ನಿನಗೇನ್ ತ್ರಾಸವ್ವಾ?” ಎಂದರು ಅಜ್ಜಿ.

ಇದನ್ನು ಉತ್ತರ ಅನ್ನುತ್ತಾರೆಯೇ? ಇನ್ನೆರಡು ಪಾಯಿಂಟ್ ಎಸೆದೆ. ಅಜ್ಜಿ ಸೊಪ್ಪು ಎತ್ತಿಕೊಂಡು ಒಳಗೆ ಹೋದರು. ಗೆಲುವು ನನ್ನದೇ.

ಪಲ್ಲವಿಯ ತಾಯಿ ಶರಣಮ್ಮ ಅಲ್ಲೇ ನಿಂತಿದ್ದರು. ಯಾದಗಿರಿ ಕಡೆಯವರು, ಇಲ್ಲಿ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಸಣ್ಣ ಮಗಳು ಭಾಗ್ಯಳಿಗೂ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿದೆ, ಅಜ್ಜಿಯ ಹತ್ತಿರ ಹಚ್ಚಿಸಬೇಕೆಂದಿದ್ದೆ, ಅದೂ ತಾನಾಗಿಯೇ ಹೋಗುತ್ತದೆಯೇ ಎಂದು ಕೇಳಿದರು.

“ತಾನಾಗೇ ಹೋಗತ್ತೆ ಶರಣಮ್ಮ. ಏನೂ ಹಚ್ಚಬೇಡಿ.” ಹೇಳಲು ಎರಡು ಸೆಕೆಂಡ್ ಸಾಕಾಯಿತು.

ಶರಣಮ್ಮ ನನ್ನ ಮಾತು ನಡೆಸಿದರು. ಸುಣ್ಣವಿಲ್ಲ, ಅಜ್ಜಿಯಿಲ್ಲ. ಡಾಕ್ಟರೂ ಇಲ್ಲ. ತಾನಾಗಿಯೇ ಹೋಗುವುದಕ್ಕೆ ಡಾಕ್ಟರ್ ಯಾಕೆ?

ಹೋದ ವಾರ ಐದು ವರ್ಷದ ಭಾಗ್ಯ ಮೆಟ್ಟಿಲಲ್ಲಿ ಎದುರಾದಳು. ಅವಳ ಫ್ರಾಕಿನ ಕೊರಳು ಜಾರಿ, ಕೊರಳೆಲುಬಿನ ಮೇಲೆ ಗೋಲಿಯಷ್ಟು ದಪ್ಪದ ಗಂಟು ಕಾಣಿಸಿತು. ಫ್ರಾಕ್ ಹಳೆಯದೇ, ಸಡಿಲವಾಗಿದ್ದು ಹುಡುಗಿ ಸೊರಗಿದ್ದಕ್ಕೆ. ಸಂಜೆಯಾದರೆ ಮೈ ಬಿಸಿ ಇರುತ್ತದೆ, ಆಟ ಜಾಸ್ತಿಯಾಗಿ ಇರಬೇಕು ಎಂದರು ಶರಣಮ್ಮ.

ಮರುದಿನ ಅವರು ಪಾಳಿ ತಪ್ಪಿಸಿದರು, ನಾನು ಮೀಟಿಂಗ್ ತಪ್ಪಿಸಿದೆ. ಕ್ಯಾಂಪ್ ಏರಿಯಾದ ಮಕ್ಕಳ ಡಾಕ್ಟರು ಮರಾಠಿಯಲ್ಲಿ ಕೇಳಿದರು: ಎಷ್ಟು ದಿನವಾಯಿತು, ನೋವಿದೆಯೇ? ಚೂರೂ ನೋವಿಲ್ಲ ಎಂದು ಶರಣಮ್ಮ ಸಮಾಧಾನದಿಂದ ಹೇಳಿದರು. ಡಾಕ್ಟರಿಗೆ ಸಮಾಧಾನವಾಗಲಿಲ್ಲ. ನೋಯುವ, ಜಾರುವ ಗಂಟು ಸಾಮಾನ್ಯವಾಗಿ ಹೆದರಿಸುವುದಿಲ್ಲವಂತೆ. ಕಲ್ಲಿನಂತೆ ಕೂತು, ನೋಯದೆ, ವಾರಗಳಾದರೂ ಇಳಿಯದೆ ಇರುವುದನ್ನು, ಅದರಲ್ಲೂ ಕೊರಳೆಲುಬಿನ ಮೇಲಿನದನ್ನು, ಕಾಯದೆ ತೋರಿಸಬೇಕಂತೆ. ಜ್ವರವಿದ್ದು ತೂಕವೂ ಇಳಿದಿದ್ದರೆ ಇನ್ನೂ ಬೇಗ. ಟಿಬಿ ಇರಬಹುದು, ಬೇರೇನೋ ಇರಬಹುದು. ಟಿಬಿಯಾದರೆ ಗುಣವಾಗುತ್ತದೆ. ಸೂಜಿ ಚುಚ್ಚಿ ಸ್ಯಾಂಪಲ್ ತೆಗೆದರು. ರಿಪೋರ್ಟ್ ಶುಕ್ರವಾರ.

ವಾಪಸ್ ಬರುವಾಗ ರಿಕ್ಷಾದಲ್ಲಿ ನನ್ನ ಡಿಫೆನ್ಸ್ ರೆಡಿಯಾಗಿತ್ತು. ಹೆಚ್ಚಿನ ಗಂಟುಗಳು ತಾವಾಗಿಯೇ ಹೋಗುತ್ತವೆ ಎಂದಿದ್ದು ಸುಳ್ಳೇ? ಅಲ್ಲ. ಸುಣ್ಣ ಹಚ್ಚಬೇಡಿ ಎಂದಿದ್ದು ತಪ್ಪೇ? ಅದೂ ಅಲ್ಲ. ಒಂದೊಂದು ಪಾಯಿಂಟೂ ಇವತ್ತಿಗೂ ನಿಲ್ಲುತ್ತದೆ. ಭಾಗ್ಯ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು, ಕುತ್ತಿಗೆಗೆ ಬಿಳಿ ಪಟ್ಟಿ.

ಶರಣಮ್ಮನಿಗೆ ನನ್ನ ಮೇಲೆ ಸಿಟ್ಟಿದ್ದಂತಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು:

“ಅಜ್ಜಿ ಹಚ್ಚೂಕಿಂತ ಮೊದಲ ಪಲ್ಲವಿ ಗಂಟ ಮುಟ್ಟಿ ನೋಡ್ತಿದ್ರು. ಅವತ್ತ ನೀವು ಭಾಗ್ಯಾಂದ ಒಮ್ಮೆರ ಮುಟ್ಟಿ ನೋಡಿದ್ರೇನ್ರಿ, ಮೇಡಂ?”